ಬೀಜವಿಲ್ಲದ ಗಿಡದ ಚರಿತ್ರೆ

ಉರ್ದುವಿನಲ್ಲಿ ಒಂದು ಗಾದೆಯಿದೆ: ಬಂದರ್ ಕ್ಯಾ ಜಾನೇ ಅದ್ರಕ್ ಕಾ ಸ್ವಾದ್. ಶುಂಠಿಯ ರುಚಿ ಕೋತಿಗೇನು ಗೊತ್ತು ಎಂದು ಅದರ ಅರ್ಥ. ಇದೇ ಮಾತನ್ನು ಹೇಳಲು ಕನ್ನಡವು ಕತ್ತೆಯನ್ನೂ ಕಸ್ತೂರಿಯನ್ನೂ ಕರೆತರುತ್ತದೆ. ಗಾದೆ ಕೋತಿಯನ್ನು ಹಂಗಿಸುತ್ತದೆ, ಸರಿ. ಆದರೆ ದಿನಬೆಳಗಾದರೆ ಶುಂಠಿ ಜಜ್ಜುವ, ಸಾರಿಗೆ ಅರಿಸಿನ ಹಾಕುವ, ಚಹಾಕ್ಕೆ ಏಲಕ್ಕಿ ಕುಟ್ಟುವ ನಮಗಾದರೂ ಇವುಗಳ ಬಗ್ಗೆ ಗೊತ್ತಿರುವುದೆಷ್ಟು? ರುಚಿ ಗೊತ್ತು, ಈ ವಾರದ ಧಾರಣೆ ಗೊತ್ತು. ಇವು ಯಾವ ಕಾಡಿನಿಂದ ಹೊರಟವು, ಯಾರ ಯಾರ ಕೈದಾಟಿ ನಮ್ಮ ಒಲೆಯ ಪಕ್ಕದ ಡಬ್ಬಿಗೆ ಬಂದು ಸೇರಿದವು, ನಮ್ಮ ಮಕ್ಕಳ ಕಾಲಕ್ಕೂ ಇದೇ ಬಗೆಬಗೆಯಲ್ಲಿ ಉಳಿದಾವೆಯೇ ಎಂದು ನಾವು ಕೇಳಿಕೊಳ್ಳುವುದಿಲ್ಲ. ರಾಜರ ಚರಿತ್ರೆಯನ್ನು ಶಾಲೆಯಲ್ಲಿ ಓದಿದ್ದೇವೆ. ಗಿಡಗಳಿಗೂ ಒಂದು ಚರಿತ್ರೆಯಿದೆ. ಅದರಲ್ಲಿ ರಾಜರಿಗಿಂತ ರೈತರು, ಹಮಾಲರು, ವೈದ್ಯರು, ಹೆಂಗಸರು ಹೆಚ್ಚು ಇದ್ದಾರೆ.

ಶುಂಠಿ, ಅರಿಸಿನ, ಏಲಕ್ಕಿ ಮೂರೂ ಒಂದೇ ಮನೆತನದವು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಒಂದು ಖಾರ, ಒಂದು ಕಹಿ, ಒಂದು ಪರಿಮಳ. ಸಸ್ಯಶಾಸ್ತ್ರಜ್ಞರು ಈ ಮನೆತನವನ್ನು ಜಿಂಜಿಬರೇಸಿ ಎಂದು ಕರೆಯುತ್ತಾರೆ. ಇದರಲ್ಲಿ 50ಕ್ಕೂ ಹೆಚ್ಚು ಕುಲಗಳೂ 1,500ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಹೆಚ್ಚಿನವು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಮಳೆಕಾಡುಗಳವು. ಭಾರತದಲ್ಲಿ ಈಶಾನ್ಯದ ಬೆಟ್ಟಗಳೂ ನಮ್ಮ ಪಶ್ಚಿಮಘಟ್ಟವೂ ಇವುಗಳ ತವರು. ಹಿತ್ತಲಲ್ಲಿ ಸಂಜೆಗೆ ಅರಳಿ ಘಮಘಮಿಸುವ ಸುರುಳಿ ಸುಗಂಧಿ, ಉಪ್ಪಿನಕಾಯಿಗೆ ಹಾಕುವ ಮಾವಿನ ಶುಂಠಿ, ಮೈಗೆ ಹಚ್ಚುವ ಕಸ್ತೂರಿ ಅರಿಸಿನ, ನಾಟಿವೈದ್ಯರ ದುಂಪರಾಸ್ಮೆ ಮತ್ತು ಕಚೋರ, ಕರಾವಳಿಯಲ್ಲಿ ಹಿಟ್ಟು ತೆಗೆಯುವ ಕಾಡು ಕೂವೆ, ಎಲ್ಲವೂ ಇದೇ ಬಳಗದವು. ಕರಾವಳಿಯವರಿಗೆ ಅರಿಸಿನದ ಗೆಡ್ಡೆಯಷ್ಟೇ ಅದರ ಎಲೆಯೂ ಬೇಕು. ನಾಗರಪಂಚಮಿಗೆ ಆ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನ ವಾಸನೆ ಬೀದಿಗೆಲ್ಲ ಬರುತ್ತದೆ.

ಈ ಬಳಗದಲ್ಲಿ ಮನುಷ್ಯನ ಹಂಗಿಗೆ ಪೂರ್ತಿ ಒಳಗಾದವು ಶುಂಠಿ ಮತ್ತು ಅರಿಸಿನ. ನಾವು ಬೆಳೆಯುವ ಶುಂಠಿ ಬೀಜ ಕಟ್ಟುವುದಿಲ್ಲ. ಹೂ ಬಿಟ್ಟರೂ ಕಾಯಿ ಇಲ್ಲ. ಅದರ ಕಾಡುಮೂಲವನ್ನು ಯಾರೂ ಖಚಿತವಾಗಿ ಕಂಡಿಲ್ಲ. ಅರಿಸಿನದ ವರ್ಣತಂತುಗಳು ಮೂರು ಜೊತೆಯ ಲೆಕ್ಕದವು. ಆದ್ದರಿಂದ ಅದೂ ಸಾಮಾನ್ಯವಾಗಿ ಬಂಜೆಯೇ. ಇವುಗಳ ವಂಶ ಮುಂದುವರಿಯುವುದು ಗೆಡ್ಡೆಯ ತುಂಡಿನಿಂದ ಮಾತ್ರ. ಇಂದು ಸಂತೆಯಲ್ಲಿ ಸಿಗುವ ಶುಂಠಿ ಹೋದ ವರ್ಷದ ಶುಂಠಿಯ ತುಂಡು, ಅದು ಅದರ ಹಿಂದಿನ ವರ್ಷದ್ದು. ಹೀಗೆ ಹಿಂದೆ ಹಿಂದೆ ಹೋದರೆ ಸಾವಿರಾರು ವರ್ಷಗಳ ಹಿಂದೆ ಯಾರೋ ಕಾಡಂಚಿನಲ್ಲಿ ಅಗೆದು ತಂದ ಗೆಡ್ಡೆಯವರೆಗೂ ಆ ಸರಪಳಿ ಹೋಗುತ್ತದೆ. ನಡುವೆ ಎಲ್ಲಿಯೂ ಅದು ಕಡಿದಿಲ್ಲ. ಬರ ಬಂದಾಗ, ದಂಡು ಬಂದಾಗ, ಊರಿಗೆ ಊರೇ ಗುಳೆ ಹೋದಾಗಲೂ ಯಾರೋ ಒಬ್ಬರು ಬಿತ್ತನೆ ಗೆಡ್ಡೆಯನ್ನು ಮಣ್ಣಿನಲ್ಲಿ ಮುಚ್ಚಿಟ್ಟು ಮುಂದಿನ ಮಳೆಗೆ ಕಾದಿದ್ದಾರೆ. ಅವರ ಜಾತಿ ಯಾವುದು, ದೇವರು ಯಾರು ಎಂಬುದನ್ನು ಗೆಡ್ಡೆ ಬರೆದಿಟ್ಟುಕೊಂಡಿಲ್ಲ.

ಗೆಡ್ಡೆ ಬರೆದಿಟ್ಟುಕೊಳ್ಳದ್ದನ್ನು ಭಾಷೆಗಳು ಸ್ವಲ್ಪ ಬರೆದಿಟ್ಟುಕೊಂಡಿವೆ. ಪವಿತ್ರ ಕುರ್‌ಆನಿನ 76ನೇ ಅಧ್ಯಾಯವಾದ ಅಲ್-ಇನ್ಸಾನ್‌ನಲ್ಲಿ ಸ್ವರ್ಗವಾಸಿಗಳಿಗೆ ಸಿಗುವ ಪಾನೀಯದ ಪ್ರಸ್ತಾಪವಿದೆ. ಅದರಲ್ಲಿ ಬೆರೆತಿರುವುದು ಝಂಜಬೀಲ್, ಅಂದರೆ ಶುಂಠಿ. ಈ ಅರಬ್ಬಿ ಪದ ಪಾರಸಿಯ ಮೂಲಕ ಬಂದದ್ದು. ಅದರ ಹಿಂದೆ ಪಾಳಿಯ ಸಿಂಗಿವೇರ, ಸಂಸ್ಕೃತದ ಶೃಂಗವೇರ. ಕೊಂಬಿನ ಆಕಾರದ್ದು ಎಂದು ಸಂಸ್ಕೃತದವರು ಅರ್ಥ ಹೇಳಿದರು. ಆದರೆ ಭಾಷಾಶಾಸ್ತ್ರಜ್ಞರು ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು, ಇದು ಮೂಲದಲ್ಲಿ ದ್ರಾವಿಡ ಪದ ಎನ್ನುತ್ತಾರೆ. ತಮಿಳು ಮಲಯಾಳಗಳ ಇಂಜಿ ಮತ್ತು ವೇರ್ ಕೂಡಿ ಆದದ್ದು. ವೇರ್ ಎಂದರೆ ನಮ್ಮ ಕನ್ನಡದ ಬೇರು. ಅರೇಬಿಯಾದ ಮರುಭೂಮಿಯಲ್ಲಿ ಸ್ವರ್ಗದ ವರ್ಣನೆಯಾಗಿ ಕೇಳಿಬಂದ ಪದದೊಳಗೆ ದಕ್ಷಿಣ ಭಾರತದ ಮಣ್ಣಿನ ಬೇರೊಂದು ಅಡಗಿ ಕುಳಿತಿದೆ. ಯಾವ ಭಾಷೆ ಯಾರದು ಎಂದು ಜಗಳವಾಡುವವರು ಒಮ್ಮೆ ಈ ದಾರಿಯಲ್ಲಿ ನಡೆದು ನೋಡಬೇಕು. ಹಿಂದಿರುಗಿ ಬಂದ ಪದಗಳೂ ಇವೆ. ಅರಿಸಿನವನ್ನು ಅರಬ್ಬರು ಕುರ್‌ಕುಮ್ ಎಂದರು. ಅದೇ ಮುಂದೆ ಲ್ಯಾಟಿನ್ನಿನ ಕರ್ಕುಮಾ ಆಗಿ, ಇಂದು ಔಷಧಿ ಅಂಗಡಿಗಳಲ್ಲಿ ಕರ್ಕುಮಿನ್ ಗುಳಿಗೆಯಾಗಿ ನಮಗೇ ಮಾರಾಟವಾಗುತ್ತಿದೆ.

ಹಡಗಿನ ವ್ಯಾಪಾರಕ್ಕೆ ನಮ್ಮ ಮಂಗಳೂರಿನಲ್ಲೇ ಗಟ್ಟಿಯಾದ ಸಾಕ್ಷ್ಯಗಳಿವೆ. 12ನೇ ಶತಮಾನದಲ್ಲಿ ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿದ್ದ. 1132ರಿಂದ 1149ರವರೆಗೆ ಅವನು ಇಲ್ಲಿದ್ದುದಕ್ಕೆ ಕಾಗದಪತ್ರಗಳ ಆಧಾರವಿದೆ. ಈಜಿಪ್ಟಿನ ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾಲಯದ ಉಗ್ರಾಣದಲ್ಲಿ ಸಿಕ್ಕ ಈ ಕಾಗದಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವನ ಪರವಾಗಿ ಏಡನ್ನಿಗೆ ಸರಕಿನ ಜೊತೆ ಹೋಗಿಬರುತ್ತಿದ್ದ ತುಳುನಾಡಿನ ಆಳಿನ ಹೆಸರು ಬೊಮ್ಮ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಬೊಮ್ಮನ ಕತೆ ಜಗತ್ತಿಗೆ ತಿಳಿಯಿತು. ಆ ಪತ್ರಗಳಲ್ಲಿ ಏಲಕ್ಕಿಯ ತಕರಾರೊಂದಿದೆ. ಕರ್ದಾರ್ ಎಂಬ ಸ್ಥಳೀಯ ದಲ್ಲಾಳಿಗೆ ಏಲಕ್ಕಿಗಾಗಿ ಮುಂಗಡ ಕೊಟ್ಟದ್ದಾಗಿದೆ. ಏಲಕ್ಕಿ ಬರಲಿಲ್ಲ, ಹಣವೂ ಬರಲಿಲ್ಲ. ಏಡನ್ನಿನ ಪಾಲುದಾರರು ಪತ್ರದ ಮೇಲೆ ಪತ್ರ ಬರೆದು ಅವನನ್ನು ಶಪಿಸುತ್ತಾರೆ. ಒಂಬೈನೂರು ವರ್ಷಗಳ ಹಿಂದಿನ ಈ ಜಗಳ ಓದಿದರೆ ನಮ್ಮ ಊರಿನ ಮಂಡಿಯಲ್ಲಿ ನಿನ್ನೆ ನಡೆದದ್ದೇನೋ ಅನ್ನಿಸುತ್ತದೆ.

ಇನ್ನೆರಡು ಶತಮಾನ ಕಳೆದು, 1340ರ ದಶಕದಲ್ಲಿ ಇಬ್ನ್ ಬತೂತಾ ಇದೇ ಮಂಗಳೂರಿಗೆ ಬಂದ. ಫಾರ್ಸ್ ಮತ್ತು ಯೆಮನ್ನಿನ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ ಬರೆದ. ಊರಿನ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಹೇಳಿದ. ಈ ಸಮುದ್ರ ವ್ಯಾಪಾರದಲ್ಲಿ ಅರಬ್ಬ, ಯಹೂದಿ, ಗುಜರಾತಿ, ಕೊಂಕಣಿ, ಮಾಪಿಳ್ಳೆ ಎಲ್ಲರೂ ಇದ್ದರು. ಅದನ್ನು ಮುರಿದದ್ದು ತೋಪು ಹೊತ್ತು ಬಂದ ಪೋರ್ಚುಗೀಸರ ಹಡಗು. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು 16ನೇ ಶತಮಾನದ ಕೊನೆಯಲ್ಲಿ ಅರಬ್ಬಿಯಲ್ಲಿ ಬರೆದ ತುಹ್ಫತುಲ್ ಮುಜಾಹಿದೀನ್ ಕೃತಿ ಇದರ ಕಣ್ಣೆದುರಿನ ದಾಖಲೆ. ಪೋರ್ಚುಗೀಸರು ಮುಸ್ಲಿಂ ವರ್ತಕರಿಗೆ ಮೊದಲು ನಿಷೇಧಿಸಿದ್ದು ಮೆಣಸು ಮತ್ತು ಶುಂಠಿಯ ವ್ಯಾಪಾರವನ್ನು, ಆಮೇಲೆ ಉಳಿದ ಸಾಂಬಾರ ಪದಾರ್ಥಗಳನ್ನು ಎಂದು ಅವರು ತಿಳಿಸುತ್ತಾರೆ. ಅಡುಗೆಮನೆಯ ಗೆಡ್ಡೆಗೆ ಮೊದಲ ಬಾರಿಗೆ ಪರವಾನಗಿ ಚೀಟಿ ಬಂತು. ಎರಡು ಶತಮಾನ ಕಳೆದ ಮೇಲೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಸರಕಾರಿ ಕೋಠಿ ತೆರೆದು ಗಂಧ, ಮೆಣಸು, ಏಲಕ್ಕಿಗಳನ್ನು ತಾನೇ ಮಾರಿಸಿದ್ದಕ್ಕೆ ಈ ಹಿನ್ನೆಲೆಯಿದೆ. ಯುರೋಪಿನವರ ಕೈತಪ್ಪಿಸಿ ಹಳೆಯ ದಾರಿಯಲ್ಲೇ ವ್ಯಾಪಾರ ನಡೆಸುವ ಪ್ರಯತ್ನ ಅದು.

ಸಾಂಬಾರ ಪದಾರ್ಥಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಸಮುದಾಯದ ಲೇಖಕರೂ ಹಡಗು, ಬಂದರು, ವರ್ತಕರ ವೈಭವವನ್ನು ಹೆಮ್ಮೆಯಿಂದ ನೆನೆಯುತ್ತಾರೆ. ನೆನೆಯಲಿ. ಆದರೆ ಹಡಗು ಹೊತ್ತದ್ದನ್ನು ಬೆಳೆದವರು ಯಾರು? ಬಂದರಿನ ಹಿಂದೆ ಘಟ್ಟವಿತ್ತು, ಘಟ್ಟದ ಮೇಲೆ ಕಾಡಿತ್ತು, ಕಾಡಿನಲ್ಲಿ ಜನವಿದ್ದರು. ಕೊಡಗಿನಲ್ಲಿ ಏಲಕ್ಕಿ ಬೆಳೆಯುತ್ತಿದ್ದ ರೀತಿಯನ್ನು ಕೇಳಿದರೆ ಅದು ಕೃಷಿಯೋ ಕಾಡಿನೊಡನೆ ಮಾಡಿಕೊಂಡ ಒಪ್ಪಂದವೋ ಎಂಬ ಅನುಮಾನ ಬರುತ್ತದೆ. ದಟ್ಟ ಕಾಡಿನ ಇಳಿಜಾರಿನಲ್ಲಿ ಒಂದು ಹೆಮ್ಮರವನ್ನು ಕಡಿದು ಬೀಳಿಸುತ್ತಿದ್ದರು. ಮರ ಬಿದ್ದು ನೆಲ ಅದುರಿ, ಮೇಲಿನ ಹಸಿರು ಚಪ್ಪರದಲ್ಲಿ ಬೆಳಕಿನ ಕಿಂಡಿ ಬಿದ್ದಾಗ, ಮಣ್ಣಿನಲ್ಲಿ ಮಲಗಿದ್ದ ಏಲಕ್ಕಿ ಬೀಜಗಳು ತಾವಾಗಿ ಮೊಳೆಯುತ್ತಿದ್ದವು. ಏಲಕ್ಕಿ ಮಲೆ ಎಂದರೆ ಇದೇ. ಉತ್ತರ ಕನ್ನಡದ ಶಿರಸಿ ಸೋದೆಗಳ ಕಡೆ ಅಡಿಕೆಯ ನೆರಳಿನಲ್ಲಿ ಏಲಕ್ಕಿ, ಮರಕ್ಕೆ ಮೆಣಸಿನ ಬಳ್ಳಿ. ಟಿಪ್ಪುವಿನ ಪತನದ ನಂತರ ಕಂಪನಿಯ ಅಪ್ಪಣೆಯ ಮೇಲೆ ಈ ಸೀಮೆಯನ್ನು ಸುತ್ತಿದ ಬುಕಾನನ್ 1801ರಲ್ಲಿ ಈ ತೋಟಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ತೋಟಕ್ಕೆ ಬೇಕಾದ ಸೊಪ್ಪು ಸೊಪ್ಪಿನಬೆಟ್ಟದಿಂದ ಬರಬೇಕು. ಬೆಟ್ಟ ಬೋಳಾದರೆ ತೋಟವೂ ಇಲ್ಲ. ಅಲ್ಲಿನವರಿಗೆ ಈ ಪಾಠವನ್ನು ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿರಲಿಲ್ಲ.

ಹೀಗೆ ಮಲೆನಾಡಿನಲ್ಲಿ ಬೆಳೆದ ಏಲಕ್ಕಿ ಬಯಲುಸೀಮೆಯ ಹಾವೇರಿಗೆ ಬಂದು, ಅಲ್ಲಿನ ಬಾವಿಯ ನೀರಿನಲ್ಲಿ ಅಂಟುವಾಳದ ನೊರೆಯೊಡನೆ ತೊಳೆಸಿಕೊಂಡು, ಬಿಸಿಲಿಗೆ ಬೆಳ್ಳಗಾಗಿ ಮುಂದಿನ ಪೇಟೆಗಳಿಗೆ ಹೋಗುತ್ತಿತ್ತು. ಒಂದು ಗಿಡವೂ ಬೆಳೆಯದ ಹಾವೇರಿ ಇಂದಿಗೂ ಏಲಕ್ಕಿ ಕಂಪಿನ ಊರು ಎನಿಸಿಕೊಂಡಿದೆ. ಗಣ್ಯರ ಕೊರಳಿಗೆ ಬೀಳುವ ಹೆಸರಾಂತ ಹಾವೇರಿ ಏಲಕ್ಕಿ ಮಾಲೆ ಮುಸ್ಲಿಂ ಪಟವೇಗಾರರ ಕೈಕೆಲಸ. ಮಠದ ಸ್ವಾಮಿಗಳಿಗೂ ಮಂತ್ರಿಗಳಿಗೂ ಅದೇ ಮಾಲೆ. ಬೆಳೆದವರು ಒಬ್ಬರು, ತೊಳೆದವರು ಇನ್ನೊಬ್ಬರು, ಪೋಣಿಸಿದವರು ಮತ್ತೊಬ್ಬರು. ಕೂಡುಬಾಳು ಎಂಬುದು ಭಾಷಣದ ಪದವಾಗುವ ಮೊದಲು ಇಂಥ ಕಸುಬುಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು.

ಗಿಡಗಳ ಬಗೆಗಿನ ತಿಳಿವಳಿಕೆಯೂ ಹೀಗೆಯೇ ಹಲವರ ಪಾಲಿನದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಹೋರ್ತುಸ್ ಮಲಬಾರಿಕಸ್ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ 12 ಸಂಪುಟಗಳು ಅಚ್ಚಾದವು. ಮಾಹಿತಿ ಕೊಟ್ಟವರಲ್ಲಿ ಮುಖ್ಯರು ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಗಿಡವನ್ನು ಕಾಡಿನಿಂದ ಕಿತ್ತು ತಂದ ಕೂಲಿಗಳ ಹೆಸರು ಉಳಿದಿಲ್ಲ. ಅದರ ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್ ಲಿಪಿಯ ಜೊತೆಗೆ ಮಲಯಾಳ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿದೆ. ಒಂದೇ ಹಾಳೆಯ ಮೇಲೆ ನಾಲ್ಕು ಲಿಪಿಗಳು ಒಂದು ಗಿಡದ ಸುತ್ತ ಕುಳಿತಿವೆ. ಶುಂಠಿ ಬಳಗದ ಗಿಡಗಳು 11ನೇ ಸಂಪುಟದಲ್ಲಿವೆ. ಅಲ್ಲಿನ ಏಲೆತ್ತರಿ ಎಂಬ ಮಲಯಾಳ ಹೆಸರೇ ಮುಂದೆ ಏಲಕ್ಕಿಯ ವೈಜ್ಞಾನಿಕ ನಾಮ ಎಲೆಟ್ಟೇರಿಯಾ ಆಯಿತು. ಲ್ಯಾಟಿನ್ನಿನಲ್ಲಿ ಹೂತುಹೋಗಿದ್ದ ಈ ಗ್ರಂಥವನ್ನು ಇಂಗ್ಲಿಷಿಗೂ ಮಲಯಾಳಕ್ಕೂ ತಂದವರು ಕಲ್ಲಿಕೋಟೆಯ ಸಸ್ಯಶಾಸ್ತ್ರಜ್ಞ ಕೆ.ಎಸ್. ಮಣಿಲಾಲ್. ಅದಕ್ಕಾಗಿ ಅವರು ದಶಕಗಳನ್ನೇ ಸವೆಸಿದರು. 2025ರ ಮೊದಲ ದಿನ ಅವರು ತೀರಿಕೊಂಡರು.

ಶುಂಠಿಗೆ ಇಂದಿನ ವೈಜ್ಞಾನಿಕ ಹೆಸರನ್ನು 1807ರಲ್ಲಿ ಕೊಟ್ಟವನು ಲಿವರ್‌ಪೂಲಿನ ವಿಲಿಯಂ ರೋಸ್ಕೋ. ಲಿವರ್‌ಪೂಲ್ ಆಗ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಬಂದರು. ಶುಂಠಿಯಾದರೋ 16ನೇ ಶತಮಾನದಲ್ಲೇ ಸ್ಪೇನಿನವರ ಮೂಲಕ ಅಟ್ಲಾಂಟಿಕ್ ದಾಟಿ, ಜಮೈಕಾದಲ್ಲಿ ಆಫ್ರಿಕಾದ ಗುಲಾಮರ ಬೆವರಿನಿಂದ ಬೆಳೆಯುತ್ತಿತ್ತು. ಆ ಊರಿನ ಪಾರ್ಲಿಮೆಂಟ್ ಸದಸ್ಯನಾಗಿದ್ದ ರೋಸ್ಕೋ ಅದೇ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯ ಪರ ನಿಂತ. ಊರಿಗೆ ಹಿಂದಿರುಗಿದಾಗ ಜನ ದಂಗೆಯೆದ್ದರು, ಅವನ ರಾಜಕೀಯ ಅಲ್ಲಿಗೆ ಮುಗಿಯಿತು. ಹೆಸರಿಟ್ಟವನ ಬದುಕನ್ನೂ ಬೆಳೆದವರ ಬದುಕನ್ನೂ ಜೊತೆಗಿಟ್ಟು ಓದದಿದ್ದರೆ ಒಂದು ಗಿಡದ ಚರಿತ್ರೆ ಪೂರ್ಣವಾಗುವುದಿಲ್ಲ.

ಏಲಕ್ಕಿಯೂ ದೇಶ ಬಿಟ್ಟಿತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಆಸ್ಕರ್ ಮಾಯುಸ್ ಕ್ಲೋಫರ್ ಎಂಬ ಕಾಫಿ ಬೆಳೆಗಾರ ಭಾರತದ ಏಲಕ್ಕಿಯನ್ನು ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಕೊಂಡೊಯ್ದ. ಇಂದು ಜಗತ್ತಿಗೆ ಅತಿಹೆಚ್ಚು ಏಲಕ್ಕಿ ಮಾರುವ ದೇಶ ಅದು. ಅಲ್ಲಿನ ರೈತರ ಮನೆಯಲ್ಲಿ ಅದನ್ನು ತಿನ್ನುವವರು ಕಡಿಮೆ. ಅವರು ಬೆಳೆದದ್ದು ಅರಬ್ಬರ ಗಹ್ವಾ ಪಾತ್ರೆಗೆ ಹೋಗುತ್ತದೆ. ನಮ್ಮ ಬೆಳೆಗಾರರನ್ನು ಕಂಗೆಡಿಸಿದ್ದು ಈ ಪೈಪೋಟಿ ಮಾತ್ರವಲ್ಲ, ಎಲೆಯನ್ನು ಪಟ್ಟೆಪಟ್ಟೆಯಾಗಿಸಿ ಗಿಡವನ್ನು ಕುಗ್ಗಿಸುವ ಕಟ್ಟೆ ರೋಗ ಕೂಡ. ಕನ್ನಡದ ರೈತರು ಇಟ್ಟ ಕಟ್ಟೆ ಎಂಬ ಹೆಸರನ್ನೇ ಜಗತ್ತಿನ ಸಸ್ಯರೋಗ ಶಾಸ್ತ್ರವೂ ಬಳಸುತ್ತದೆ. ಕೊಕ್ಕೆ ಕಂದು ಎಂಬ ಇನ್ನೊಂದು ಏಲಕ್ಕಿ ರೋಗದ ಹೆಸರೂ ನಮ್ಮದೇ. ಕಟ್ಟೆಗೆ ಮದ್ದು ಸಿಕ್ಕಿದ್ದು ಬಾಟಲಿಯಲ್ಲಲ್ಲ, ವೈವಿಧ್ಯದಲ್ಲಿ. ರೋಗ ಬಡಿದ ತೋಟಗಳಲ್ಲಿ ಎಲ್ಲ ಗಿಡ ಸಾಯುತ್ತಿದ್ದಾಗ ಅಲ್ಲೊಂದು ಇಲ್ಲೊಂದು ಗಿಡ ಗಟ್ಟಿಯಾಗಿ ನಿಂತಿರುತ್ತಿತ್ತು. ಮಡಿಕೇರಿ ಹತ್ತಿರದ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಅಂಥವನ್ನು ಆರಿಸಿ ಬೆಳೆಸಿ ವಿಜೇತ ಎಂಬ ತಳಿಯನ್ನು ಕೊಟ್ಟರು. ಆ ತೋಟಗಳಲ್ಲಿ ಒಂದೇ ಬಗೆಯ ಗಿಡಗಳಿದ್ದಿದ್ದರೆ ಆರಿಸುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಅರಿಸಿನದ ಪಾಲಿಗೆ ಬಂದ ಸಂಕಟ ಬೇರೆ ಬಗೆಯದು. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಬಿದ್ದು ಮಂಡಿ ತರಚಿಕೊಂಡ ಮಗುವಿಗೆ ಅರಿಸಿನ ಮೆತ್ತುವ ಪ್ರತಿ ತಾಯಿಗೂ ಗೊತ್ತಿದ್ದ ವಿಷಯವದು. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಇದನ್ನು ಪ್ರಶ್ನಿಸಿತು. ಆದರೆ ತಾಯಂದಿರ ಮಾತು ಅಲ್ಲಿ ಸಾಕ್ಷಿಯಲ್ಲ, ಬರೆದದ್ದು ಬೇಕು. ಪರಿಷತ್ತು 32 ಲಿಖಿತ ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಸಂಸ್ಕೃತದವು, ಹಿಂದಿಯವು ಇದ್ದವು, ಉರ್ದುವಿನವೂ ಇದ್ದವು. 1997ರಲ್ಲಿ ಪೇಟೆಂಟ್ ರದ್ದಾಯಿತು. ಉರ್ದುವನ್ನು ಪರದೇಶದ ಭಾಷೆ ಎನ್ನುವವರು ಇದನ್ನು ನೆನಪಿಡಬೇಕು. ಈ ನೆಲದ ಅರಿಸಿನವನ್ನು ಕಾಯಲು ಸಂಸ್ಕೃತದ ಪಕ್ಕದಲ್ಲಿ ಅದೂ ಸಾಕ್ಷಿ ಕಟ್ಟೆಯಲ್ಲಿ ನಿಂತಿತ್ತು. 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಭಂಡಾರದಲ್ಲಿ ಆಯುರ್ವೇದ, ಸಿದ್ಧ ಗ್ರಂಥಗಳ ಜೊತೆಗೆ ಅರಬ್ಬಿ, ಪಾರಸಿ, ಉರ್ದುವಿನ ಯುನಾನಿ ಗ್ರಂಥಗಳೂ ಸೇರಿವೆ. ಮದುವೆಯ ಅರಿಸಿನ ಶಾಸ್ತ್ರಕ್ಕೂ ನಮ್ಮ ದಖನಿ ಮನೆಗಳ ಮಾಂಜಾಕ್ಕೂ ಅರೆಯುವುದು ಒಂದೇ ಗೆಡ್ಡೆ. ಬಾಣಂತಿಗೆ ಕೊಡುವ ಶುಂಠಿ ಲೇಹಕ್ಕೂ ಅಛ್ವಾನಿಗೂ ಬೇಕಾದದ್ದು ಒಂದೇ ಒಣಶುಂಠಿ. ಮೊಕದ್ದಮೆ ಬಂದಾಗ ಅವು ಒಟ್ಟಿಗೆ ನಿಂತದ್ದು ಸಹಜವೇ.

ಪೇಟೆಂಟನ್ನು ಗೆದ್ದೆವು. ಗಿಡವನ್ನು ಉಳಿಸಿಕೊಳ್ಳುತ್ತಿದ್ದೇವೆಯೇ? ಕಳೆದ ಕೆಲವು ದಶಕಗಳಲ್ಲಿ ಕೊಡಗು, ಮೈಸೂರು, ಹಾಸನ, ಶಿವಮೊಗ್ಗ ಜಿಲ್ಲೆಗಳಲ್ಲಿ ಶುಂಠಿ ಗೇಣಿ ಬೇಸಾಯ ಹಬ್ಬಿದೆ. ಗದ್ದೆಯನ್ನು ವರ್ಷದ ಲೆಕ್ಕಕ್ಕೆ ಗೇಣಿಗೆ ಹಿಡಿದು, ಗೊಬ್ಬರ ವಿಷಗಳನ್ನು ಸುರಿದು, ಬೆಳೆ ತೆಗೆದು ಮುಂದಿನ ಊರಿಗೆ ಹೋಗುವ ಬೇಸಾಯವಿದು. ಗೇಣಿಗೆ ಕೊಟ್ಟ ಬಡ ರೈತನನ್ನು ದೂರುವುದು ಸುಲಭ. ಅವನಿಗೆ ಭತ್ತದಲ್ಲಿ ಸಿಗದ ದುಡ್ಡು ಅಲ್ಲಿ ಕೈಗೆ ಬರುತ್ತದೆ. 2023ರಲ್ಲಿ ಬೆಲೆ ಗಗನಕ್ಕೇರಿದಾಗ ಹೊಲದಿಂದಲೇ ಶುಂಠಿ ಕದಿಯುವ ಪ್ರಕರಣಗಳು ನಡೆದವು. ಗದ್ದೆ ಕಾಯಲು ರಾತ್ರಿ ಜನ ಕೂತರು. ಆದರೆ ಒಂದೇ ತಳಿಯನ್ನು ಮೈಲುಗಟ್ಟಲೆ ನೆಟ್ಟಾಗ ಕೊಳೆರೋಗಕ್ಕೆ ದಾರಿ ಸಲೀಸು. ಹೆಚ್ಚು ಇಳುವರಿಯ ರಿಯೊ ಡಿ ಜನೈರೊ ತಳಿ, ಹಿಮಾಚಲ ತಳಿ ಬಂದಂತೆ, ಮನೆಮನೆಯಲ್ಲಿ ಇದ್ದ, ಗೆಡ್ಡೆ ಸಣ್ಣದಾದರೂ ಖಾರ ಹೆಚ್ಚಿರುವ ನಾಡಶುಂಠಿ ಹಿತ್ತಲು ಬಿಟ್ಟಿತು. ಬೀಜವಿಲ್ಲದ ಗಿಡ ಇದು ಎಂದು ಮೊದಲೇ ಹೇಳಿದೆವು. ಭತ್ತದ ಕಾಳನ್ನು ಶೀತಲ ಭಂಡಾರದಲ್ಲಿ ವರ್ಷಗಟ್ಟಲೆ ಇಡಬಹುದು, ಶುಂಠಿಯನ್ನು ಹಾಗೆ ಇಡಲಾಗದು. ಒಂದು ವರ್ಷ ನೆಡದಿದ್ದರೆ ಸಾವಿರ ವರ್ಷದ ಸರಪಳಿ ಕಡಿಯುತ್ತದೆ.

ಏಲಕ್ಕಿಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಇಡುಕ್ಕಿಯ ರೈತರೊಬ್ಬರು ಆರಿಸಿದ ಞಳ್ಳಾನಿ ತಳಿ ಇಳುವರಿಯಲ್ಲಿ ಪವಾಡವನ್ನೇ ಮಾಡಿತು. ರೈತನ ಜಾಣ್ಮೆಗೆ ಸಂದ ಗೆಲುವು ಅದು. ಆದರೆ ಕಂದು ಕಿತ್ತು ನೆಟ್ಟು ನೆಟ್ಟು ಬೆಟ್ಟಕ್ಕೆ ಬೆಟ್ಟವೇ ಒಂದೇ ಗಿಡವಾಯಿತು. 2024ರ ಬೇಸಿಗೆಯ ಬಿಸಿಲಿಗೆ ಅಲ್ಲಿನ ತೋಟಗಳು ಸುಟ್ಟು ನಿಂತದ್ದನ್ನು ಕಂಡೆವು. ನೆರಳು, ಮಂಜು, ಜೇನು ಮೂರೂ ಬೇಕಾದ ಗಿಡ ಏಲಕ್ಕಿ. ಕಾಡು ತೆಳುವಾದರೆ ಮೂರೂ ಹೋಗುತ್ತವೆ. ನಾಳೆ ಬಿಸಿಲು ತಾಳುವ ಗುಣ ಬೇಕೆಂದರೆ ಅದನ್ನು ಹುಡುಕಬೇಕಾದದ್ದು ಕಾಡಿನಲ್ಲಿರುವ ಅದರ ನೆಂಟರಲ್ಲಿ. ಆ ನೆಂಟರು ಯಾರೆಂಬುದೇ ನಮಗೆ ಈಗೀಗ ತಿಳಿಯುತ್ತಿದೆ. ಸಿಂಗಪುರದ ಮತ್ತು ಕೇರಳದ ವಿಜ್ಞಾನಿಗಳು ಸೇರಿ ಇತ್ತೀಚೆಗೆ ಏಲಕ್ಕಿಯ ಕುಲಕ್ಕೆ ಆರು ಪ್ರಭೇದಗಳನ್ನು ಸೇರಿಸಿದ್ದಾರೆ. ನಾಲ್ಕು ಬೇರೆ ಕುಲದಲ್ಲಿ ತಪ್ಪಾಗಿ ಸೇರಿದ್ದವು, ಎರಡು ವಿಜ್ಞಾನಕ್ಕೇ ಹೊಸವು. ಆ ಎರಡು ಸಿಕ್ಕಿದ್ದು ಕೇರಳದ ಘಟ್ಟದ ಕಾಡುಗಳಲ್ಲಿ. ಸಾವಿರ ವರ್ಷ ವ್ಯಾಪಾರ ಮಾಡಿದ ಗಿಡದ ಸೋದರರನ್ನು ನಾವು ಈಗ ಗುರುತಿಸಿದ್ದೇವೆ. ಗುರುತಿಸುವ ಮೊದಲೇ ಕಣ್ಮರೆಯಾದವು ಎಷ್ಟೋ.

ಸರಕಾರದ ಕಡೆಯಿಂದ ಕೆಲಸ ನಡೆದಿಲ್ಲವೆಂದಲ್ಲ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶುಂಠಿ, ಅರಿಸಿನಗಳ ನೂರಾರು ಬಗೆಗಳನ್ನು ವರ್ಷ ವರ್ಷ ನೆಟ್ಟು ಕಾಯುತ್ತಿದೆ. ಕೊಳೆರೋಗ ಬಂದರೆ ನೆಟ್ಟದ್ದೂ ಹೋದೀತೆಂದು ಗಾಜಿನ ಕೊಳವೆಗಳಲ್ಲಿ ಎಳೆ ಸಸಿಗಳನ್ನು ಇಟ್ಟಿದೆ. ಏಲಕ್ಕಿಗೆ ಅಪ್ಪಂಗಳದ ತೋಟವಿದೆ. ರೈತರ ತಳಿಗಳಿಗೆ ಹಕ್ಕು ಕೊಡುವ 2001ರ ಕಾಯಿದೆ ಇದೆ. ಜೀವವೈವಿಧ್ಯಕ್ಕಾಗಿ 2002ರ ಕಾಯಿದೆ ಇದೆ, ಅದರಂತೆ ಪಂಚಾಯಿತಿಗೊಂದು ಸಮಿತಿಯೂ ದಾಖಲೆ ಪುಸ್ತಕವೂ ಇರಬೇಕು. ಎಷ್ಟೋ ಊರುಗಳಲ್ಲಿ ಆ ಪುಸ್ತಕ ಕಪಾಟಿನಲ್ಲಿದೆ. ಅಲ್ಲಿ ಬರೆಯಬೇಕಾದ ವಿಷಯ ಮಾತ್ರ ಮುದುಕಿಯರ ಬಾಯಲ್ಲಿದೆ. ಯಾವ ಅರಿಸಿನ ಮೈಗೆ, ಯಾವುದು ಸಾರಿಗೆ, ಯಾವ ಕಾಡು ಗೆಡ್ಡೆ ಮಗುವಿನ ಹೊಟ್ಟೆನೋವಿಗೆ ಎಂದು ಬಲ್ಲವರು ಅವರೇ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಕಾಲೇಜಿನ ಹುಡುಗ ಹುಡುಗಿಯರಿಂದ, ಮದರಸಾದ ಮಕ್ಕಳಿಂದ, ಮಹಿಳಾ ಸಂಘಗಳಿಂದ ಆಗಬಹುದು. ಮಸೀದಿ, ದರ್ಗಾ, ದೇವಸ್ಥಾನ, ಶಾಲೆಗಳ ಹಿಂದೆ ಬೇಕಾದಷ್ಟು ಖಾಲಿ ಜಾಗವಿದೆ. ಅಲ್ಲೊಂದು ಮಡಿ ನಾಡಶುಂಠಿಗೆ, ಒಂದು ಮಡಿ ಮಾವಿನ ಶುಂಠಿಗೆ ಇಡಲು ಯಾವ ಅನುದಾನವೂ ಬೇಡ.

ಈ ಗಿಡಗಳನ್ನು ಉಳಿಸಿದ್ದು ಒಬ್ಬ ದೊರೆಯಲ್ಲ, ಒಂದು ಧರ್ಮವಲ್ಲ, ಒಂದು ಭಾಷೆಯಲ್ಲ. ಹೋದ ವರ್ಷದ ಗೆಡ್ಡೆಯಲ್ಲಿ ಒಂದಿಷ್ಟನ್ನು ತಿನ್ನದೆ, ಮಾರದೆ, ಬಿತ್ತನೆಗೆಂದು ತೆಗೆದಿಟ್ಟ ಕೋಟ್ಯಂತರ ಸಾಮಾನ್ಯರು ಉಳಿಸಿದರು. ಪಕ್ಕದ ಮನೆಯವರು ಕೇಳಿದರೆ ಅದರಲ್ಲೂ ಒಂದು ತುಂಡು ಮುರಿದು ಕೊಟ್ಟರು. ಕೊಟ್ಟದ್ದರಿಂದಲೇ ಒಂದು ಮನೆಯಲ್ಲಿ ಕೊಳೆತಾಗ ಇನ್ನೊಂದು ಮನೆಯಲ್ಲಿ ಸಿಕ್ಕಿತು. ಮುಂಗಾರಿಗೆ ಇನ್ನೂ ಸಮಯವಿದೆ. ನೆರೆಮನೆಯ ಹಿತ್ತಲಲ್ಲಿ ಹಳೆಯ ಶುಂಠಿ ಏನಾದರೂ ಉಳಿದಿದೆಯೇ ಎಂದು ನಾವು ಕೇಳಬೇಕು. ಉಳಿದಿದ್ದರೆ ಒಂದು ತುಂಡು ತಂದು ನೆಡಬೇಕು.